ಯಾವ ವಿಷಯಕ್ಕೆ ಯಾವ ದಾರಿ? ರೆಗ್ಯುಲರ್, ದೂರಶಿಕ್ಷಣ, ಆನ್‌ಲೈನ್ ಮೂರನ್ನೂ ಓದಿ ನೋಡಿದ ಮೇಲೆ

ಪಿಯುಸಿ ಫಲಿತಾಂಶ ಬಂತೆಂದರೆ ಮಕ್ಕಳಿಗಿಂತ ಜಾಸ್ತಿ ಅವರ ಅಪ್ಪ-ಅಮ್ಮ ಕೇಳುತ್ತಾರೆ: ರೆಗ್ಯುಲರ್ ಕಾಲೇಜಾ, ದೂರಶಿಕ್ಷಣವಾ, ಆನ್‌ಲೈನಾ? ನಾನು ಮೂರರಲ್ಲೂ ಓದಿದ್ದೇನೆ. ಹಾಸನದ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದೆ. ಕೆಲಸಕ್ಕೆ ಸೇರಿದ ಮೇಲೆ ದೂರಶಿಕ್ಷಣದಲ್ಲಿ ಅರ್ಥಶಾಸ್ತ್ರದ ಎಂ.ಎ. ಆಮೇಲೆ ಬರೀ ಆಸೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ‘ಸ್ವಯಂ’ ಪೋರ್ಟಲ್‌ನಲ್ಲಿ ಒಂದು ಭೌತಶಾಸ್ತ್ರ ಕೋರ್ಸ್. ಫೀಸು ನೋಡಿ ದಾರಿ ಆರಿಸುವವರೇ ಹೆಚ್ಚು. ವಿಷಯ ನೋಡಿ ಆರಿಸಿ ಎನ್ನುತ್ತೇನೆ ನಾನು.

ಇತಿಹಾಸಕ್ಕೆ ಮೇಷ್ಟ್ರು ಬೇಕೇ ಬೇಕು. ನಮ್ಮ ಜಿಲ್ಲೆಯಲ್ಲಂತೂ ಕಾಲಿಟ್ಟಲ್ಲೆಲ್ಲ ಶಾಸನ. ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನದೇ. ಬಿ.ಎಲ್. ರೈಸ್ ಅವರು 1902ರಲ್ಲಿ ತಂದ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೇ ಸಂಪುಟ ಹಾಸನ ಜಿಲ್ಲೆಗೇ ಮೀಸಲು. ಆದರೆ ಶಾಸನವನ್ನು ಪುಸ್ತಕದಲ್ಲಿ ಓದುವುದೇ ಬೇರೆ, ಕಲ್ಲಿನ ಮುಂದೆ ಕೂತು ಓದುವುದೇ ಬೇರೆ. ಒಮ್ಮೆ ನಮ್ಮ ಮೇಷ್ಟ್ರು ಹಳೇಬೀಡಿನ ಕಡೆಯ ಹಳ್ಳಿಯೊಂದರಲ್ಲಿ ಕೆರೆ ಏರಿ ಪಕ್ಕದ ವೀರಗಲ್ಲು ತೋರಿಸಿದರು. ಎಲ್ಲರೂ ಮೇಲಿನಿಂದ ನೋಡುತ್ತಿದ್ದೆವು. “ಕೆಳಗಿನಿಂದ ನೋಡ್ರಪ್ಪಾ” ಎಂದರು. ಕೆಳಗಿನ ಪಟ್ಟಿಯಲ್ಲಿ ದನಗಳು, ಬಿಲ್ಲು ಹಿಡಿದ ಆಳು. ತುರುಗೋಳಿನ, ಅಂದರೆ ದನ ಹೊಡೆದುಕೊಂಡು ಹೋಗುವವರ ಜೊತೆಗಿನ ಜಗಳ ಅದು. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಮೇಲೆ, ಲಿಂಗದ ಎದುರು ಕೈಮುಗಿದು ಕೂತಿದ್ದಾನೆ. ಆಮೇಲೆ ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಂಡಿಗಳೊಳಗೆ ಕೂರುವ ಹಾಗೆ ಬ್ರಷ್‌ನಿಂದ ತಟ್ಟಿದರು. ಮೇಲೆ ಮಸಿ ಒತ್ತಿದಾಗ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಎದ್ದು ಬಂದವು. ಅದರಲ್ಲೊಂದು ‘ವ’ವೋ ‘ಮ’ವೋ ಎಂದು ಬಸ್ ಬರುವವರೆಗೂ ವಾದ ಮಾಡಿದೆವು. ಇಂಥ ವಾದ ಮನೆಯಲ್ಲಿ ಒಬ್ಬರೇ ಕೂತು ಓದಿದರೆ ಹುಟ್ಟುವುದಿಲ್ಲ.

ಅರ್ಥಶಾಸ್ತ್ರಕ್ಕೆ ದೂರಶಿಕ್ಷಣ ಸಾಕು. ಕೆಲಸ ಮಾಡುತ್ತಾ ಓದುವವರಿಗಂತೂ ಇನ್ನೂ ಒಳ್ಳೆಯದು, ಯಾಕೆಂದರೆ ಪಾಠದಲ್ಲಿರುವುದೆಲ್ಲ ಕಣ್ಣೆದುರೇ ಇರುತ್ತದೆ. ಬೆಲೆ ಏರಿದ ತಕ್ಷಣ ಪೂರೈಕೆ ಯಾಕೆ ಏರುವುದಿಲ್ಲ? ಸಕಲೇಶಪುರದ ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ: ಇವತ್ತು ಕಾಫಿ ಗಿಡ ನೆಟ್ಟರೆ ಫಸಲು ಕಾಣಲು ಮೂರ್ನಾಲ್ಕು ವರ್ಷ ಬೇಕು. ಮೊದಲು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕಿತ್ತು, ಎಲ್ಲರದನ್ನೂ ಒಟ್ಟು ಮಾಡಿ ಮಂಡಳಿಯೇ ಮಾರುತ್ತಿತ್ತು. 1990ರ ದಶಕದಲ್ಲಿ ಆ ಕಟ್ಟು ಸಡಿಲವಾಗಿ ಮುಕ್ತ ಮಾರಾಟ ಬಂತು. ಈಗ ಅರೇಬಿಕಾ ಕಾಫಿ ನ್ಯೂಯಾರ್ಕ್ ಮಾರುಕಟ್ಟೆಯ ಬೆಲೆ ನೋಡುತ್ತದೆ, ರೊಬಸ್ಟಾ ಕಾಫಿ ಲಂಡನ್ ಬೆಲೆ ನೋಡುತ್ತದೆ. ಪೂಲ್ ಕಾಲವನ್ನೂ ಈಗಿನದನ್ನೂ ಕಂಡ ಹಿರಿಯರ ಜೊತೆ ಒಂದು ಸಂಜೆ ಮಾತಾಡಿದರೆ ಉದಾರೀಕರಣದ ಅಧ್ಯಾಯ ತಾನಾಗಿಯೇ ಅರ್ಥವಾಗುತ್ತದೆ. ವಿಶ್ವವಿದ್ಯಾಲಯ ಕಳಿಸುವ ಸಿದ್ಧಪಾಠ ಸಾಲದಿದ್ದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ‘ಇ-ಜ್ಞಾನಕೋಶ’ ಜಾಲತಾಣದಲ್ಲಿ ಪಾಠಗಳು ಉಚಿತವಾಗಿ ಸಿಗುತ್ತವೆ. ಸಂಖ್ಯಾಶಾಸ್ತ್ರದ ಪತ್ರಿಕೆಗೆ ಮಾತ್ರ ಹೇಳಿಕೊಡುವವರೊಬ್ಬರನ್ನು ಹುಡುಕಿಕೊಳ್ಳಿ. ಅದನ್ನು ಸುಮ್ನೆ ಓದಿದರೆ ತಲೆಗೆ ಹೋಗುವುದಿಲ್ಲ.

ಇನ್ನು ವಿಜ್ಞಾನ. ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಅಲ್ಲಿಂದ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲೇ ಯಾಕೆ ಇರಬೇಕು ಎಂಬುದು ನನಗೆ ತಿಳಿದದ್ದು ಆನ್‌ಲೈನ್ ಪಾಠದಿಂದ. ಅಷ್ಟು ಎತ್ತರದಲ್ಲಿ ಒಂದು ಸುತ್ತು ಹಾಕಲು ಹಿಡಿಯುವ ಸಮಯವೂ ಭೂಮಿ ತನ್ನ ಸುತ್ತ ತಿರುಗುವ ಸಮಯವೂ ಒಂದೇ, ಹಾಗಾಗಿ ಉಪಗ್ರಹ ಭೂಮಿಯ ಜೊತೆಜೊತೆಗೇ ತಿರುಗುತ್ತದೆ. ಲೆಕ್ಕ ಅರ್ಥವಾಗುವ ತನಕ ವಿಡಿಯೊ ನಿಲ್ಲಿಸಿ, ಹಿಂದೆ ತಿರುಗಿಸಿ ನೋಡಬಹುದು. ‘ಸ್ವಯಂ’ನಲ್ಲಿ ಕಲಿಯಲು ದುಡ್ಡು ಕೊಡಬೇಕಿಲ್ಲ, ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಗೆ ಶುಲ್ಕ ಕಟ್ಟಬೇಕು. ಪಾಠ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುವುದರಿಂದ ಕನ್ನಡ ಮಾಧ್ಯಮದವರಿಗೆ ಮೊದಮೊದಲು ಕಷ್ಟವೇ.

ಆದರೆ ಬಿ.ಎಸ್ಸಿ.ಗೆ ಇದೊಂದನ್ನೇ ನಂಬಬೇಡಿ. ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ ಬ್ಯುರೆಟ್ಟಿನ ನಲ್ಲಿಯನ್ನು ಯಾವ ಹನಿಗೆ ನಿಲ್ಲಿಸಬೇಕು ಎಂಬುದನ್ನು ಕೈಯೇ ಕಲಿಯಬೇಕು, ಅಲ್ವಾ? ಕಾಲೇಜಿಗೆ ಸೇರಿ, ಲ್ಯಾಬ್ ತಪ್ಪಿಸಬೇಡಿ, ಆನ್‌ಲೈನ್ ಕೋರ್ಸನ್ನು ಜೊತೆಗೆ ಇಟ್ಟುಕೊಳ್ಳಿ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ‘ಸ್ವಯಂ’ನಿಂದ ತೆಗೆದುಕೊಳ್ಳಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ನಿಮ್ಮ ಕಾಲೇಜು ಅದನ್ನು ಒಪ್ಪುತ್ತದೆಯೇ ಎಂದು ಸೇರುವ ದಿನವೇ ಕೇಳಿಕೊಳ್ಳಿ.