ಅನ್ಯಧರ್ಮೀಯರಿಗೆ ರಕ್ಷಣೆ ಉಂಟೇ? ಈ ಒಂದು ಪ್ರಶ್ನೆಗೆ ಕ್ಯಾಟೆಕಿಸಂ ಎಷ್ಟು ಕೆಲಸಕ್ಕೆ ಬರುತ್ತದೆ

ಕಥೋಲಿಕ ಧರ್ಮಸಭೆಯ (ಚರ್ಚಿನ) ಬೋಧನೆಗಳ ಅಧಿಕೃತ ಗ್ರಂಥ ‘ಕ್ಯಾಟೆಕಿಸಂ ಆಫ್ ದ ಕ್ಯಾಥೊಲಿಕ್ ಚರ್ಚ್’ನಲ್ಲಿ ಒಟ್ಟು 2865 ಪ್ಯಾರಾಗಳಿವೆ. ಕ್ರೈಸ್ತರಲ್ಲದವರಿಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ ಮತ್ತು ದೇವರೊಂದಿಗೆ ನಿತ್ಯಜೀವ, ಉಂಟೋ ಇಲ್ಲವೋ ಎಂದು ಹುಡುಕಿಕೊಂಡು ಬಂದವರಿಗೆ ನೇರ ಉತ್ತರ ಸಿಗುವುದು ಮೂರೇ ಮೂರರಲ್ಲಿ: 846, 847, 848. ಓದಲು ಐದು ನಿಮಿಷ ಸಾಕು, ತಪ್ಪು ತಿಳಿಯಲೂ ಅಷ್ಟೇ ಸಾಕು. ಹಾಗಾಗಿ ಇಡೀ ಪುಸ್ತಕವನ್ನು ತೂಗುವ ಗೋಜಿಗೆ ಹೋಗದೆ ಈ ಒಂದು ಪ್ರಶ್ನೆಯ ಮಟ್ಟಿಗೆ ಮಾತ್ರ ಇಲ್ಲಿ ನೋಡಿದ್ದೇವೆ.

ಮೊದಲು ಯಾವ ಪ್ರತಿ ಕೊಳ್ಳಬೇಕು ಎಂಬುದು. ಪುಸ್ತಕ ಮೊದಲು ಬಂದದ್ದು 1992ರಲ್ಲಿ, ಫ್ರೆಂಚಿನಲ್ಲಿ. ಅಧಿಕೃತ ಲ್ಯಾಟಿನ್ ಪಠ್ಯ 1997ರದು. ಇಂಗ್ಲಿಷಿನ ಎರಡನೇ ಆವೃತ್ತಿ ಅದನ್ನು ಅನುಸರಿಸುತ್ತದೆ, ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಮೊದಲ ಆವೃತ್ತಿಯ ಪ್ರತಿ ಅಗ್ಗಕ್ಕೆ ಸಿಕ್ಕಿದರೂ ಪ್ಯಾರಾ ಸಂಖ್ಯೆಗಳು ಅವೇ, ಪರದಾಟವಿಲ್ಲ. ಮರಣದಂಡನೆ ಕುರಿತ 2267ನ್ನು 2018ರಲ್ಲಿ ಬದಲಿಸಿದ್ದಾರೆ. ನಮ್ಮ ಪ್ರಶ್ನೆಗೆ ಅದರಿಂದ ವ್ಯತ್ಯಾಸವಿಲ್ಲ. ವ್ಯಾಟಿಕನ್ನಿನ ಜಾಲತಾಣದಲ್ಲಿ ಪೂರ್ತಿ ಪಠ್ಯ ಉಚಿತವಾಗಿಯೇ ಇದೆ. ಆದರೂ ಈ ಪ್ರಶ್ನೆಗೆ ಅಚ್ಚಿನ ಪುಸ್ತಕವೇ ಮೇಲು, ಏಕೆಂದರೆ ಪುಟದ ಅಂಚಿನಲ್ಲಿ ಸಂಬಂಧಪಟ್ಟ ಬೇರೆ ಪ್ಯಾರಾಗಳ ಸಂಖ್ಯೆ ಹಾಕಿರುತ್ತಾರೆ. ಇಲ್ಲಿ ಅರ್ಧ ಕೆಲಸ ಮಾಡುವುದು ಆ ಅಂಚಿನ ಸಂಖ್ಯೆಗಳೇ.

846 ಇರುವುದು ‘ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ’ ಎಂಬ ತಲೆಬರಹದ ಕೆಳಗೆ. ಆ ಮಾತನ್ನು ತಳ್ಳಿಹಾಕದೆ ತಿರುಗಿಸಿ ಹೇಳುತ್ತದೆ: ರಕ್ಷಣೆಯೆಲ್ಲ ಶಿರಸ್ಸಾದ ಕ್ರಿಸ್ತರಿಂದ, ಅವರ ದೇಹವಾದ ಧರ್ಮಸಭೆಯ ಮೂಲಕ ಬರುತ್ತದೆ. ದೇವರು ಕ್ರಿಸ್ತರ ಮೂಲಕ ಧರ್ಮಸಭೆಯನ್ನು ಅಗತ್ಯವೆಂದೇ ಸ್ಥಾಪಿಸಿದರು ಎಂದು ಗೊತ್ತಿದ್ದೂ ಒಳಗೆ ಬರಲು ಅಥವಾ ಉಳಿಯಲು ಒಪ್ಪದವರಿಗೆ ರಕ್ಷಣೆಯಿಲ್ಲ. 847ರಲ್ಲಿ ಉಳಿದವರ ವಿಚಾರ. ಅಲ್ಲಿ ಮೂರು ಷರತ್ತುಗಳಿವೆ: ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನೂ ಧರ್ಮಸಭೆಯನ್ನೂ ಅರಿಯದಿರುವುದು, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸುವುದು, ವರಪ್ರಸಾದದ (ದೇವರ ಕೃಪೆಯ) ಪ್ರೇರಣೆಯಿಂದ ಅಂತಃಸಾಕ್ಷಿ ತೋರಿದಂತೆ ದೇವರ ಚಿತ್ತವನ್ನು ನಡೆಸಲು ಯತ್ನಿಸುವುದು. ಅಂಥವರು ನಿತ್ಯರಕ್ಷಣೆ ಪಡೆಯಬಹುದು. ಪಡೆಯುತ್ತಾರೆ ಎಂದಿಲ್ಲ, ಪಡೆಯಬಹುದು ಎಂದಷ್ಟೇ ಇದೆ. 848 ಚಿಕ್ಕದು: ದೇವರು ತಮಗೇ ಗೊತ್ತಿರುವ ದಾರಿಗಳಲ್ಲಿ ಅವರನ್ನು ವಿಶ್ವಾಸಕ್ಕೆ ತರಬಲ್ಲರು, ಹಾಗೆಂದು ಶುಭಸಂದೇಶ (ಯೇಸುವಿನ ಸುವಾರ್ತೆ) ಸಾರುವ ಹೊಣೆ ಧರ್ಮಸಭೆಗೆ ತಪ್ಪಿದ್ದಲ್ಲ.

846ನ್ನೊಂದೇ ಕತ್ತರಿಸಿ ವಾಟ್ಸಾಪಿನಲ್ಲಿ ಹಂಚುವವರೊಂದು ಕಡೆ, 847ನ್ನೊಂದೇ ಹಂಚುವವರು ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಅರ್ಧ ವಾಕ್ಯವೇ ಇರುವುದು.

ಇದಕ್ಕೆ ಪುಸ್ತಕದ ಜೋಡಣೆಯೂ ಕಾರಣ, ನಮ್ಮ ದೊಡ್ಡ ತಕರಾರೂ ಇದೇ. ಕಥೋಲಿಕ ಧರ್ಮಾಧ್ಯಕ್ಷರ (ಬಿಷಪರ) ಎರಡನೇ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಹೊರಡಿಸಿದ, ಧರ್ಮಸಭೆ ಕುರಿತ ದಾಖಲೆ ‘ಲೂಮೆನ್ ಜೆಂಸಿಯುಂ’ನ 16ನೇ ಸಂಖ್ಯೆಯಲ್ಲಿ ಈ ವಿಚಾರವೆಲ್ಲ ಒಂದೇ ಓಟದಲ್ಲಿ ಬರುತ್ತದೆ: ಯೆಹೂದ್ಯರು, ಮುಸ್ಲಿಮರು, ಅರಿಯದ ದೇವರನ್ನು ನೆರಳಿನಲ್ಲಿ ಅರಸುವವರು, ತಪ್ಪಿಲ್ಲದೆ ಅರಿಯದವರು. ಕೊನೆಗೆ ಒಂದು ಎಚ್ಚರಿಕೆ: ಮನುಷ್ಯರು ಎಷ್ಟೋ ಸಲ ಕೇಡಿಗನ (ಸೈತಾನನ) ಮೋಸಕ್ಕೆ ಸಿಕ್ಕು ಸೃಷ್ಟಿಕರ್ತನ ಬದಲು ಸೃಷ್ಟಿಗೆ ಶರಣಾಗಿದ್ದಾರೆ, ಆದ್ದರಿಂದಲೇ ಸುವಾರ್ತಾ ಕೆಲಸ ಬೇಕು. ಕ್ಯಾಟೆಕಿಸಂ ಇದನ್ನು ತುಂಡುಮಾಡಿ ಹರಡಿದೆ. ಯೆಹೂದ್ಯರ ಮಾತು 839ಕ್ಕೆ, ಮುಸ್ಲಿಮರದು 841ಕ್ಕೆ, ಇತರ ಧರ್ಮಗಳಲ್ಲಿರುವ ಒಳಿತೆಲ್ಲ ಶುಭಸಂದೇಶಕ್ಕೆ ಸಿದ್ಧತೆ ಎಂಬ ಮಾತು 843ಕ್ಕೆ, ಎಚ್ಚರಿಕೆ 844ಕ್ಕೆ, ಆಶ್ವಾಸನೆ 847ಕ್ಕೆ. ಮೂಲದಲ್ಲಿ ಆಶ್ವಾಸನೆ ಮೊದಲು, ಎಚ್ಚರಿಕೆ ಆಮೇಲೆ. ಇಲ್ಲಿ ತಿರುವುಮುರುವು. ವಿಷಯಸೂಚಿ ನೋಡಿ ನೇರ 847ಕ್ಕೆ ಹಾರಿದವರ ಕಣ್ಣಿಗೆ 844 ಬೀಳುವುದೇ ಇಲ್ಲ. ಪರಿಹಾರ ಸರಳ: 839ರಿಂದ ಹಿಡಿದು 848ರವರೆಗೆ ಒಂದೇ ಪಟ್ಟಿಗೆ ಓದಿ, ಆಮೇಲೆ ಲೂಮೆನ್ ಜೆಂಸಿಯುಂ 14 ಮತ್ತು 16ನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿ.

ಅಡಿಟಿಪ್ಪಣಿಗಳು ವಿಪರೀತ ಜಿಪುಣ. 846ಕ್ಕೆ ಕಾರ್ತೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನ್ ಅವರ 73ನೇ ಪತ್ರದ ಉಲ್ಲೇಖವಿದೆ, ವಿವರಣೆಯಿಲ್ಲ. ಮೂರನೇ ಶತಮಾನದ ಆ ಪತ್ರದ ಜಗಳ ಧರ್ಮಸಭೆಯಿಂದ ಸಿಡಿದುಹೋದವರು ಕೊಟ್ಟ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಸಲ್ಲುತ್ತದೋ ಇಲ್ಲವೋ ಎಂಬುದರ ಬಗ್ಗೆ, ಅನ್ಯಧರ್ಮೀಯರ ಬಗ್ಗೆ ಅಲ್ಲ. ಇದನ್ನು ಒಂದು ಸಾಲಿನಲ್ಲಿ ಹೇಳಿದ್ದರೆ ಎಷ್ಟೋ ವಾದ ತಪ್ಪುತ್ತಿತ್ತು. 847ರ ಕೆಳಗೆ ‘ಡಿಎಸ್ 3866-3872’ ಎಂದಿದೆ. ಡಿಎಸ್ ಎಂದರೆ ಧರ್ಮಸಭೆಯ ಬೋಧನಾ ದಾಖಲೆಗಳ ಡೆನ್ಸಿಂಗರ್ ಸಂಗ್ರಹ, ಅದು ಕೈಯಲ್ಲಿಲ್ಲದವರಿಗೆ ಅದೇನೆಂದು ತಿಳಿಯುವುದು ಹೇಗೆ? ಅದು 1949ರ ಆಗಸ್ಟ್ 8ರಂದು ವಿಶ್ವಾಸಬೋಧನೆ ನೋಡಿಕೊಳ್ಳುವ ರೋಮಿನ ಕಚೇರಿ ಹೋಲಿ ಆಫೀಸು ಬಾಸ್ಟನ್ನಿನ ಮಹಾಧರ್ಮಾಧ್ಯಕ್ಷ ಕುಶಿಂಗ್ ಅವರಿಗೆ ಬರೆದ ಪತ್ರ. ಕಥೋಲಿಕರಲ್ಲದವರಿಗೆ ರಕ್ಷಣೆಯೇ ಇಲ್ಲ ಎಂದು ಬಿಗಿಯಾಗಿ ಸಾರುತ್ತಿದ್ದ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಲೆನಾರ್ಡ್ ಫೀನಿ ಅವರ ಪ್ರಕರಣದಲ್ಲಿ ಬಂದದ್ದು. ಧರ್ಮಸಭೆ ಸೇರುವ ಹೊರಗಿನವರ ಬಯಕೆ ಸ್ಪಷ್ಟವಾಗಿ ಮಾತಿನಲ್ಲಿ ಇರದಿದ್ದರೂ, ದೇವರ ಚಿತ್ತಕ್ಕೆ ಒಪ್ಪಿಸಿಕೊಂಡ ಮನಸ್ಸಿನಲ್ಲಿ ಅಡಗಿದ್ದರೂ ಸಾಲುತ್ತದೆ ಎಂದು ಪತ್ರ ವಿವರಿಸಿತು. ಫೀನಿ 1953ರಲ್ಲಿ ಬಹಿಷ್ಕಾರಕ್ಕೆ ಒಳಗಾದರು, 1972ರಲ್ಲಿ ಮತ್ತೆ ಸೇರಿಸಿಕೊಂಡರು. ಇಂಥ ಜೀವಾಳದ ಪತ್ರ ಬರೀ ಒಂದು ಸಂಖ್ಯೆಯಾಗಿ ಉಳಿದುಹೋಗಿದೆ.

ಅಂಚಿನ ಸಂಖ್ಯೆ ಹಿಡಿದು ಹೋದರೆ 1257 ಸಿಗುತ್ತದೆ: ದೇವರು ರಕ್ಷಣೆಯನ್ನು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾರೆ, ಆದರೆ ತಾವು ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ. 1260ರಲ್ಲಿ, ಶುಭಸಂದೇಶ ಅರಿಯದೆ ಸತ್ಯ ಅರಸುವವರು ದೀಕ್ಷಾಸ್ನಾನದ ಅಗತ್ಯ ತಿಳಿದಿದ್ದರೆ ಅದನ್ನು ಬಯಸುತ್ತಿದ್ದರು ಎಂದು ಭಾವಿಸಬಹುದು ಎಂದಿದೆ. ಪುಸ್ತಕದ ಅತಿ ಉಪಯುಕ್ತ ಸಾಲುಗಳು ಇವು.

ಕರ್ನಾಟಕದ ಓದುಗರಿಗೆ ಕಾಡುವ ಪ್ರಶ್ನೆ ಬೇರೆಯೇ. ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿ, ಯೇಸುವಿನ ಕಥೆಯೆಲ್ಲ ಬಲ್ಲ ಹಿಂದೂ ಅಥವಾ ಮುಸ್ಲಿಂ ವಿದ್ಯಾರ್ಥಿ ‘ಗೊತ್ತಿದ್ದೂ ಒಪ್ಪದವರ’ ಸಾಲಿಗೆ ಸೇರುತ್ತಾರೆಯೇ? 847ರಲ್ಲಿ ಇದಕ್ಕೆ ಉತ್ತರವಿಲ್ಲ. 846 ಹೇಳುವುದು ಧರ್ಮಸಭೆಯ ಬಗ್ಗೆ ಕೇಳಿ ತಿಳಿದವರನ್ನಲ್ಲ, ಅದು ದೇವರೇ ಅಗತ್ಯವೆಂದು ಸ್ಥಾಪಿಸಿದ್ದು ಎಂದು ಮನಗಂಡವರನ್ನು. ಜೊತೆಗೆ 1790ರಿಂದ 1793ರವರೆಗೆ ಓದಬೇಕು: ಸತ್ಯ ತಿಳಿಯಲು ಕಾಳಜಿಯನ್ನೇ ಮಾಡದವರ ಅಜ್ಞಾನ ಅವರದೇ ಹೊಣೆ (1791), ಇತರರ ಕೆಟ್ಟ ಮಾದರಿಯೂ ಅಂತಃಸಾಕ್ಷಿಯ ದಾರಿ ತಪ್ಪಿಸಬಲ್ಲದು (1792), ಮೀರಲಾಗದ ಅಜ್ಞಾನದಿಂದಾದ ಕೇಡನ್ನು ವ್ಯಕ್ತಿಯ ಮೇಲೆ ಹೊರಿಸುವಂತಿಲ್ಲ (1793). ಕ್ರೈಸ್ತರ ನಡತೆ ನೋಡಿಯೇ ದೂರ ಸರಿದವರ ವಿಚಾರದಲ್ಲಿ 1792 ತುಂಬ ಮುಖ್ಯ. ಈ ನಾಲ್ಕರತ್ತ 847 ಕೈತೋರಿಸಬೇಕಿತ್ತು.

ಇನ್ನು ಪುಸ್ತಕದಲ್ಲಿ ಇಲ್ಲದ್ದು. 1442ರ ಫ್ಲಾರೆನ್ಸ್ ಮಹಾಸಭೆಯ ಕಟು ಮಾತುಗಳು 846ರ ಹತ್ತಿರ ಸುಳಿಯುವುದಿಲ್ಲ. ಸಾಯುವ ಮೊದಲು ಸೇರದ ಪೇಗನ್ನರು, ಯೆಹೂದ್ಯರು, ಭಿನ್ನಮತೀಯರೆಲ್ಲ ನಿತ್ಯಾಗ್ನಿಗೆ ಎಂದಿತ್ತು ಅದು. ಶುಭಸಂದೇಶ ಎಲ್ಲೆಡೆ ಮುಟ್ಟಿಯಾಗಿದೆ, ಹೊರಗುಳಿದವರೆಲ್ಲ ಬೇಕೆಂದೇ ಉಳಿದವರು ಎಂಬ ಊಹೆ ಆ ಕಾಲದಲ್ಲಿ ಬಲವಾಗಿತ್ತು. ಅಮೆರಿಕ ಕಂಡ ಮೇಲೆ ಆ ಊಹೆ ಕುಸಿಯಿತು, ಸ್ಪೇನಿನ ಸಾಲಮಾಂಕದ ದೇವಶಾಸ್ತ್ರಜ್ಞ ವಿಟೋರಿಯಾರಂಥವರು ಬರೀ ಘೋಷಣೆ ಕೇಳಿದ ಮಾತ್ರಕ್ಕೆ ನಂಬಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ವಾದಿಸಿದರು. 1863ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಮೀರಲಾಗದ ಅಜ್ಞಾನದ ಮಾತನ್ನು ತಮ್ಮ ವಿಶ್ವಪತ್ರದಲ್ಲೇ ಬರೆದರು. ಈ ಕೊಂಡಿಗಳಿಲ್ಲದೆ ಓದಿದವರಿಗೆ 847 ಎಲ್ಲಿಂದಲೋ ಉದುರಿದ ಹಾಗೆ ಕಾಣುತ್ತದೆ.

ಇನ್ನೊಂದು ಕೊರತೆ: ವ್ಯಕ್ತಿಗೆ ರಕ್ಷಣೆ ಸಿಗಬಹುದು ಸರಿ, ಅವರ ಧರ್ಮವೇ ರಕ್ಷಣೆಯ ದಾರಿಯೇ? ಇದಕ್ಕೆ ವ್ಯಾಟಿಕನ್ 2000ದಲ್ಲಿ ಹೊರಡಿಸಿದ ಘೋಷಣೆ ‘ದೋಮಿನುಸ್ ಯೇಸುಸ್’ (20ರಿಂದ 22) ಬೇಕೇ ಬೇಕು. 1948ರಿಂದ 1984ರವರೆಗೆ ಭಾರತದಲ್ಲಿದ್ದ ಬೆಲ್ಜಿಯಂನ ಯೇಸುಸಭೆಯ ದೇವಶಾಸ್ತ್ರಜ್ಞ ಜಾಕ್ ದುಪ್ವಿ ಅವರ ಪುಸ್ತಕದ ಬಗ್ಗೆ ರೋಮ್ 2001ರಲ್ಲಿ ಹೊರಡಿಸಿದ ಸೂಚನೆಯನ್ನೂ ನೋಡಬೇಕು. ಇತರ ಧರ್ಮಗಳಲ್ಲಿರುವ ಸತ್ಯ, ಒಳಿತುಗಳ ಮೂಲಕವೂ ಪವಿತ್ರಾತ್ಮ ಕೆಲಸ ಮಾಡುತ್ತಾರೆ ಎನ್ನಬಹುದು, ಆ ಧರ್ಮಗಳೇ ರಕ್ಷಣೆಯ ದಾರಿಗಳು ಎನ್ನಲು ಕಥೋಲಿಕ ದೇವಶಾಸ್ತ್ರದಲ್ಲಿ ಆಧಾರವಿಲ್ಲ ಎಂಬ ಗೆರೆ ಅಲ್ಲಿ ಖಚಿತವಾಗಿದೆ.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ. ತಪ್ಪೇನೂ ಇಲ್ಲ, ಆದರೆ ಹುಡುಕುವ ಕೆಲಸವೆಲ್ಲ ಓದುಗರ ತಲೆಗೆ. ಅಷ್ಟು ಪುರುಸೊತ್ತಿಲ್ಲದವರಿಗೆ, ಭಾನುವಾರದ ಧರ್ಮೋಪದೇಶ ತರಗತಿ ನಡೆಸುವವರಿಗೆ ಇದೇ ಕ್ಯಾಟೆಕಿಸಂನ 2005ರ ಸಂಕ್ಷೇಪ ‘ಕಾಂಪೆಂಡಿಯಂ’ ಸಾಕು. 598 ಪ್ರಶ್ನೋತ್ತರಗಳಲ್ಲಿ ಇದು 171ನೆಯದು. ಇಲ್ಲಿ ಒಂದು ಒಳ್ಳೆಯ ತಿದ್ದುಪಡಿಯೂ ಆಗಿದೆ: 847ರ ಸಾಲಿಗೆ ‘ಕ್ರಿಸ್ತರಿಂದಾಗಿ, ಅವರ ಧರ್ಮಸಭೆಯಿಂದಾಗಿ’ ಎಂದು ಸೇರಿಸಿದ್ದಾರೆ. ಹಾಗಾಗಿ ಒಳ್ಳೆಯವರಾಗಿದ್ದರೆ ತಮ್ಮಷ್ಟಕ್ಕೆ ತಾವೇ ರಕ್ಷಣೆ ಪಡೆಯುತ್ತಾರೆ ಎಂಬ ತಪ್ಪು ಓದಿಗೆ ಜಾಗವಿಲ್ಲ. ಸಾರುವ ಹೊಣೆಯ ಮಾತು ಮಾತ್ರ 172ಕ್ಕೆ ಹೋಗಿದೆ, ಎರಡನ್ನೂ ಒಂದೇ ತರಗತಿಯಲ್ಲಿ ಓದಿಸಿ.