ಮುನ್ನುಡಿಯಲ್ಲ, ತಕರಾರು ಬೇಕು: ಬಳ್ಳಾರಿಯ ಹಸ್ತಪ್ರತಿ ಪರಿಶೀಲನಾ ಸೇವೆಯೊಂದರ ಬಗ್ಗೆ

ಕಥೆ, ಕಾದಂಬರಿ ಬರೆಯುವವರ ಹಸ್ತಪ್ರತಿಯನ್ನು ಶುಲ್ಕ ಪಡೆದು ಓದಿ, ಲಿಖಿತ ವರದಿಯನ್ನೂ ಪ್ರಕಟಣೆಯ ಬಗ್ಗೆ ಸಲಹೆಯನ್ನೂ ಕೊಡುವ ಚಿಕ್ಕ ಸಂಸ್ಥೆಯೊಂದು ಬಳ್ಳಾರಿಯಲ್ಲಿ ಕೆಲಸ ಮಾಡುತ್ತಿದೆ. ಹೊಗಳಿಕೆಯ ಜೊತೆಗೆ ದೂರುಗಳನ್ನೂ ಹೇಳಬೇಕಾಗಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಮ್ಮ ಭಾಗದಲ್ಲಿ ಹೊಸ ಕಥೆಗಾರರು ಹಸ್ತಪ್ರತಿಯನ್ನು ಪರಿಚಯದ ಹಿರಿಯರೊಬ್ಬರಿಗೆ ಒಪ್ಪಿಸಿ, ಅವರು ಪ್ರೀತಿಯಿಂದ ಬರೆದುಕೊಟ್ಟ ಮುನ್ನುಡಿಯೊಂದಿಗೆ ನೇರವಾಗಿ ಮುದ್ರಣಕ್ಕೆ ಕಳುಹಿಸುವುದೇ ರೂಢಿ. ಅಲ್ಲಿ ಹಣದ ಮಾತು ಬರುವುದಿಲ್ಲ, ಆದ್ದರಿಂದ ನಿಷ್ಠುರದ ಮಾತೂ ಬರುವುದಿಲ್ಲ. ಈ ಸೇವೆ ಮಾರುವುದು ಆ ನಿಷ್ಠುರವನ್ನೇ, ಮತ್ತು ಕಥಾಸಂಕಲನದ ಮಟ್ಟಿಗೆ ಅದು ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬುದು ನನ್ನ ಅಭಿಪ್ರಾಯ.

ಕ್ರಮ ಸರಳವಾಗಿದೆ. ಕಡತವನ್ನು ಕಳುಹಿಸಿ ಶುಲ್ಕ ಕಟ್ಟಿದರೆ, ಅವರು ಅದನ್ನು ಮುದ್ರಿಸಿಕೊಂಡು ಪುಟದಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಹಾಕುತ್ತಾರೆ, ಪ್ರತ್ಯೇಕವಾಗಿ ವರದಿಯನ್ನು ಬರೆಯುತ್ತಾರೆ, ಕೊನೆಗೆ ಲೇಖಕರನ್ನು ಕರೆಸಿ ಎದುರು ಕೂರಿಸಿಕೊಂಡು ಮಾತನಾಡುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಅವರು ಒಂದು ವಾಕ್ಯವನ್ನೂ ತಾವಾಗಿ ತಿದ್ದಿ ಬರೆಯುವುದಿಲ್ಲ. ಟಿಪ್ಪಣಿಗಳೆಲ್ಲ ಪ್ರಶ್ನೆಗಳ ರೂಪದಲ್ಲಿಯೇ ಇರುತ್ತವೆ.

ನಾನು ಕೊಟ್ಟಿದ್ದ ಸಂಕಲನದಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರ ಸುತ್ತ ನಡೆಯುವ ದೀರ್ಘ ಕಥೆಯಿತ್ತು. ಅದರಲ್ಲಿ ಮಾಲೀಕ ಕೆಲಸಗಾರರನ್ನು ಗದರಿಸುವಾಗ ತೆಲುಗಿನಲ್ಲಿ, ಲೆಕ್ಕ ಒಪ್ಪಿಸುವಾಗ ಕನ್ನಡದಲ್ಲಿ ಮಾತನಾಡುತ್ತಾನೆ. ಬಳ್ಳಾರಿಯ ಬೀದಿಯಲ್ಲಿ ಇದು ಯಾರಿಗೂ ವಿಶೇಷವೆನಿಸುವುದಿಲ್ಲ. ಮದ್ರಾಸ್ ರಾಜ್ಯದಲ್ಲಿದ್ದ ಈ ಜಿಲ್ಲೆ, ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಬಿಟ್ಟುಕೊಟ್ಟು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಬದಲಾದರೂ ಮನೆಮಾತುಗಳು ಬದಲಾಗಲಿಲ್ಲ. ಆದರೆ ಶಿವಮೊಗ್ಗದಲ್ಲಿಯೋ ಮಂಗಳೂರಿನಲ್ಲಿಯೋ ಕುಳಿತು ಓದುವವರಿಗೆ ಮಾಲೀಕನ ಈ ಭಾಷೆಯ ಬದಲಾವಣೆ ಕೇಳಿಸುವುದು ಹೇಗೆ ಎಂಬುದು ಪರಿಶೀಲಕರ ಮೊದಲ ಪ್ರಶ್ನೆಯಾಗಿತ್ತು. ತೆಲುಗು ವಾಕ್ಯವನ್ನು ಹಾಗೆಯೇ ಇಟ್ಟು ಆವರಣದಲ್ಲಿ ಅರ್ಥ ಕೊಟ್ಟರೆ ಗದರಿಕೆಯ ಬಿಸಿ ಆರಿಹೋಗುತ್ತದೆ, ಎಲ್ಲವನ್ನೂ ಕನ್ನಡಕ್ಕೆ ತಂದರೆ ಮಾಲೀಕನ ಎರಡು ಮುಖಗಳು ಒಂದಾಗುತ್ತವೆ. ಅವರು ಮೂರನೆಯ ದಾರಿಯೊಂದನ್ನು ಸೂಚಿಸಿದರು: ಮಾಲೀಕನ ಮಾತಿನ ಅರ್ಥವನ್ನು ಎದುರಿಗಿರುವ ಹುಡುಗನ ಕೆಲಸದಿಂದಲೇ ತಿಳಿಸುವುದು, ಅಂದರೆ ತೆಲುಗಿನ ಗದರಿಕೆ ಬಿದ್ದ ಮರುಕ್ಷಣ ಆತ ಹೊಲಿಗೆ ಬಿಚ್ಚಲು ಕೂರುವಂತೆ ಬರೆಯುವುದು. ಎದುರು ಕೂತಾಗ ಆ ಭಾಗವನ್ನು ನನ್ನಿಂದ ಗಟ್ಟಿಯಾಗಿ ಓದಿಸಿ, ಉಸಿರು ಎಲ್ಲಿ ನಿಲ್ಲುತ್ತದೆಂದು ಗುರುತು ಹಾಕಿಸಿದರು. ತೆಲುಗು, ಕನ್ನಡ ಎರಡೂ ರಂಗಭೂಮಿಗಳಲ್ಲಿ ನಟಿಸಿದ ಬಳ್ಳಾರಿ ರಾಘವರ ಊರಿನಲ್ಲಿ ಸಂಭಾಷಣೆಯನ್ನು ಕಿವಿಯಿಂದ ಪರೀಕ್ಷಿಸುವುದು ಸಹಜವೇ ಇರಬಹುದು.

ಅದೇ ಕಥೆಯಲ್ಲಿ ಶನಿವಾರದ ಬಟವಾಡೆ ಒಂದೇ ವಾಕ್ಯದಲ್ಲಿ ಮುಗಿದಿತ್ತು, ಕರೆಂಟು ಹೋದ ರಾತ್ರಿಯ ವರ್ಣನೆ ಎರಡು ಪುಟ ಹಿಡಿದಿತ್ತು. ಪೀಸ್ ಲೆಕ್ಕದಲ್ಲಿ ದುಡಿಯುವವನಿಗೆ ಇವೆರಡರಲ್ಲಿ ಯಾವುದು ದೊಡ್ಡದು ಎಂದು ಅಂಚಿನಲ್ಲಿ ಬರೆದಿದ್ದರು. ಕತ್ತಲೆಯ ವರ್ಣನೆ ನನಗೆ ಈಗಲೂ ಇಷ್ಟವೇ, ಅದನ್ನು ಉಳಿಸಿಕೊಂಡಿದ್ದೇನೆ; ಆದರೆ ಎಣಿಸಿ ಕೊಟ್ಟ ಪ್ಯಾಂಟುಗಳ ಲೆಕ್ಕಕ್ಕೂ ಕೈಗೆ ಬಂದ ಹಣಕ್ಕೂ ನಡುವಿನ ಜಗಳ ಈಗ ಕಥೆಯ ನಡುಮನೆಗೆ ಬಂದು ಕೂತಿದೆ.

ವೃತ್ತಿಯ ಬಗೆಗಿನ ಮಾತುಕತೆ ಇನ್ನೂ ಉಪಯುಕ್ತವಾಗಿತ್ತು, ಏಕೆಂದರೆ ಪ್ರಕಾಶಕರೊಂದಿಗಿನ ಒಪ್ಪಂದವನ್ನು ಕಥೆಯಷ್ಟೇ ಶ್ರದ್ಧೆಯಿಂದ ಓದುವವರು ನಮ್ಮಲ್ಲಿ ಅಪರೂಪ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಅದಕ್ಕೆ ಸಹಿ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ಇದನ್ನು ತಿಳಿಯದೆ ‘ಸರ್ವ ಹಕ್ಕುಗಳೂ ಶಾಶ್ವತವಾಗಿ’ ಎಂಬ ಸಾಲಿಗೆ ಗೌರವ ಪ್ರತಿಗಳ ಸಂತೋಷದಲ್ಲಿ ಸಹಿ ಹಾಕುವವರು ಬಹಳ. ಅನುವಾದದ ಹಕ್ಕನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕೆಂಬುದಕ್ಕೆ ಅವರು ಕೊಟ್ಟ ಉದಾಹರಣೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ: 50,000 ಪೌಂಡ್‌ಗಳ ಆ ಬಹುಮಾನ ಕಥೆಗಾರ್ತಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸಮನಾಗಿ ಸಂದಿತು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವವರಿಗೂ ಎರಡು ಮಾತು ಹೇಳುತ್ತಾರೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಮತ್ತು ಕೃತಿಸ್ವಾಮ್ಯ ಪಡೆಯಲು ನೋಂದಣಿ ಕಡ್ಡಾಯವಲ್ಲ. ಇವೆರಡರ ಹೆಸರಿನಲ್ಲಿ ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಕಾರಣ ಕೇಳಬೇಕು. 35 ವರ್ಷದೊಳಗಿನವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರವಿರುವುದನ್ನೂ ಪ್ರಸ್ತಾಪಿಸಿದರು, ಆದರೆ ಪ್ರಶಸ್ತಿಯನ್ನು ಕಣ್ಣ ಮುಂದಿಟ್ಟುಕೊಂಡು ಸಂಕಲನ ಕಟ್ಟುವುದನ್ನು ಪ್ರೋತ್ಸಾಹಿಸಲಿಲ್ಲ.

ಇನ್ನು ದೂರುಗಳು. ವರದಿ ಹೇಳಿದ ಸಮಯಕ್ಕೆ ಬರಲಿಲ್ಲ, ವಿಚಾರಿಸಿದಾಗ ಸರಿಯಾದ ಉತ್ತರವೂ ಸಿಗಲಿಲ್ಲ. ಪುಟವಿನ್ಯಾಸವನ್ನೂ ಅವರಿಗೇ ವಹಿಸಿದ್ದೆ. ಅವರ ಡಿಟಿಪಿ ವಿಭಾಗ ಯೂನಿಕೋಡ್ ಕಡತವನ್ನು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಗೆ ಪರಿವರ್ತಿಸಿದಾಗ ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಜಿಗಿದವು, ಕೆಲವು ಕಡೆ ಒತ್ತಕ್ಷರಗಳು ಕಾಣೆಯಾದವು. ಇಷ್ಟು ಸೂಕ್ಷ್ಮವಾಗಿ ಓದುವವರು ಕರಡನ್ನು ನೋಡದೆಯೇ ಕಳುಹಿಸಿದ್ದು ಅರ್ಥವಾಗದ ಸಂಗತಿ. ಕರಡು ತಿದ್ದುವ ಕೆಲಸ ಲೇಖಕರ ತಲೆಗೇ ಬರುವುದಾದರೆ ವಿನ್ಯಾಸದ ಶುಲ್ಕವನ್ನು ಅಲ್ಲಿ ಕಟ್ಟುವ ಅಗತ್ಯವಿಲ್ಲ.

ಕಾದಂಬರಿಯ ವಿಷಯದಲ್ಲಿ ಸೇವೆ ಇನ್ನೂ ಸೊರಗಿದೆ. ಕೊಪ್ಪಳದ ಗೆಳೆಯರೊಬ್ಬರು ನಾನೂರು ಪುಟಗಳ ಕಾದಂಬರಿಯನ್ನು ಕೊಟ್ಟು ಹೆಚ್ಚಿನ ಶುಲ್ಕವನ್ನೇ ಕಟ್ಟಿದ್ದರು. ಅವರಿಗೆ ಬಂದ ವರದಿಯನ್ನು ನನಗೂ ತೋರಿಸಿದರು: ಮೊದಲ ಅಧ್ಯಾಯಗಳ ಮೇಲೆ ದಟ್ಟವಾದ ಟಿಪ್ಪಣಿ, ನಡುಭಾಗದಲ್ಲಿ ಅಲ್ಲೊಂದು ಇಲ್ಲೊಂದು ಗುರುತು, ಕೊನೆಯಲ್ಲಿ ‘ವೇಗ ಕಡಿಮೆಯಾಗಿದೆ’ ಎಂಬ ಸಾಮಾನ್ಯ ಮಾತು. ಯಾವ ಪಾತ್ರ ಎಲ್ಲಿ ಕೈಬಿಟ್ಟುಹೋಯಿತು, ಕಾಲದ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ಅಧ್ಯಾಯವಾರು ಹೇಳದ ವರದಿಯಿಂದ ಕಾದಂಬರಿಕಾರರಿಗೆ ಆಗುವ ಪ್ರಯೋಜನ ಅಲ್ಪ.

ಸಂಕಲನ ಸಿದ್ಧವಿರುವವರು ಪರಿಶೀಲನೆ ಮತ್ತು ಮಾತುಕತೆಯನ್ನು ಮಾತ್ರ ಆಯ್ದುಕೊಳ್ಳಬಹುದು. ಹೋಗುವಾಗ ಪ್ರಕಾಶಕರು ಕೊಟ್ಟ ಒಪ್ಪಂದದ ಪ್ರತಿಯಿದ್ದರೆ ಅದನ್ನೂ ಒಯ್ಯಲಿ, ಅದಕ್ಕೆ ಪ್ರತ್ಯೇಕ ಶುಲ್ಕ ಕೇಳುವುದಿಲ್ಲ. ಕಾದಂಬರಿ ಕೊಡುವವರು ಹಣ ಕಟ್ಟುವ ಮುನ್ನ ಎಲ್ಲ ಅಧ್ಯಾಯಗಳಿಗೂ ಟಿಪ್ಪಣಿ ಸಿಗುತ್ತದೆಯೇ, ಯಾವ ದಿನಾಂಕದೊಳಗೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.