ಬ್ರೇಕ್ ಬಿಡದೆ ಹಿಡಿದುಕೊಳ್ಳುವ ಹಳೇ ಪಿಕಪ್‌ಗೆ ಸರಿಯಾದ ಗ್ಯಾರೇಜ್
ನಮ್ಮ ಹಳೇ ಪಿಕಪ್ ನ್ಯೂಟ್ರಲ್‌ನಲ್ಲಿ ಉರುಳುತ್ತಲೇ ಇರಲಿಲ್ಲ, ಡೀಸೆಲ್ ಬೇರೆ ಜಾಸ್ತಿ ಕುಡಿಯುತ್ತಿತ್ತು. ಬೇರೆ ಕಡೆ ಸುಮ್ನೆ ಬ್ರೇಕ್ ಪ್ಯಾಡ್ ಬದಲಾಯಿಸಿ ದುಡ್ಡು ತಗೊಂಡಿದ್ದರು.

ಇಲ್ಲಿನ ಮೇಸ್ತ್ರಿ ಮೊದಲು ಒಂದು ರೌಂಡ್ ಓಡಿಸಿ ಬಂದು, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ಬಿಸಿ ನೋಡಿದರು. ಮುಂದಿನ ಎಡ ಚಕ್ರ ಮಾತ್ರ ಕಾದಿತ್ತು. ಜಾಕ್ ಕೊಟ್ಟು, ಬ್ರೇಕ್ ಒತ್ತಿ ಬಿಟ್ಟು, ಕ್ಯಾಲಿಪರ್‌ನ (ಪ್ಯಾಡ್ ಒತ್ತುವ ಭಾಗ) ಬ್ಲೀಡರ್ ನಿಪ್ಪಲ್, ಅಂದರೆ ಆಯಿಲ್ ಹೊರಬಿಡುವ ಸ್ಕ್ರೂ, ಸಡಿಲಿಸಿದ ಕೂಡಲೇ ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ಹಗುರವಾಗಿ ತಿರುಗಿತು. ಅಂದರೆ ಕ್ಯಾಲಿಪರ್ ಒಳಗಿನ ಪಿಸ್ಟನ್ ಜಾಮ್ ಆಗಿಲ್ಲ, ಅದಕ್ಕೆ ಆಯಿಲ್ ತರುವ, ಒಳಗೇ ಊದಿಕೊಂಡ ರಬ್ಬರ್ ಹೋಸ್ ಪ್ರೆಶರ್ ವಾಪಸ್ ಬಿಡುತ್ತಿಲ್ಲ. ಪೆಡಲ್ ಒತ್ತಿದಾಗ ಎಲ್ಲ ಚಕ್ರಕ್ಕೂ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ದೋಷವಾಗಿದ್ದರೆ ಮುಂದಿನ ಎರಡೂ ಕಡೆ ಹಿಡಿಯಬೇಕಿತ್ತು ಅಲ್ವಾ?

ಹಿಂದಿನ ಚಕ್ರ ಎತ್ತಿ ಹ್ಯಾಂಡ್‌ಬ್ರೇಕ್ ಕೇಬಲ್, ಜಾಯಿಂಟ್ ಕ್ರಾಸ್ (ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್‌ನ ಕೀಲು), ಬೇರಿಂಗ್ ಕೂಡ ನೋಡಿದರು, ಅಲ್ಲೇನೂ ಇಲ್ಲ. ಮುಂದಿನ ಎರಡೂ ಹೋಸ್ ಹೊಸದು ಹಾಕಿಸಿದೆ. ಸಂಜೆ ಹೋದರೆ ಕಾಯಿಸುತ್ತಾರೆ, ಬಿಲ್ ಕೇಳಿಯೇ ಪಡೆಯಬೇಕು.